ಹರೀತಿದೆ

ವಿಡಿಯೋ ಗೇಮ್ ತಂಡದಲ್ಲಿ ಉಳಿದಿದ್ದು ಒಂದೇ ಜಾಗ. ಬೆಳಿಗ್ಗೆಯ ಆಯ್ಕೆ ಪಂದ್ಯದಲ್ಲಿ ಅಕ್ಕ ಸೋತಿದ್ದಳು. ಮಧ್ಯಾಹ್ನ ತಂಗಿಯ ಸರದಿ. ಆಟ ಶುರುವಾದ ಮೇಲೆ ಮಾನಿಟರ್ ಸೆಟ್ಟಿಂಗ್ಸ್ ಮುಟ್ಟುವ ಹಾಗಿರಲಿಲ್ಲ. ಅಕ್ಕನೇ ಮೊದಲು ಹೋಗಿ ಹೊಂದಿಸಿ ಬಂದಳು.

"ಅಕ್ಕಾ, ಫ್ರೇಮ್ ರೇಟ್ ಪೂರ್ತಿ ಇಟ್ಯಾ? ಚಿತ್ರ ತುಂಡಾಗದ ಹಾಗೆ ಸಿಂಕ್ ನೋಡಿದ್ಯಾ?"

"ಎಲ್ಲಾ ನೋಡಿದೀನಿ ಕಣೇ."

"ಚಿತ್ರ ಹೇಗೆ ಬರ್ತಿದೆ?"

"ಹರೀತಿದೆ."

ತಂಗಿ ಅವಳ ಕೆನ್ನೆಗೊಂದು ಮುತ್ತು ಕೊಟ್ಟು ಓಡಿದಳು.

ಆಟದಲ್ಲಿ ತಿರುಗಿದಾಗಲೆಲ್ಲ ಚಿತ್ರ ನಡುವೆ ಸೀಳುತ್ತಿತ್ತು. ಎದುರಾಳಿಯ ತಲೆ ಒಂದು ಕಡೆ, ಮುಂಡ ಇನ್ನೊಂದು ಕಡೆ. ಯಾವುದಕ್ಕೆ ಗುರಿಯಿಡುವುದು? ತಂಗಿ ಸೋತು ಬಂದಳು.

"ಹರೀತಿದೆ ಅಂದ್ಯಲ್ಲಕ್ಕಾ!"

ಅಕ್ಕ ಅವಳ ಕಣ್ಣೊರೆಸಿದಳು.

"ಸುಳ್ಳು ಹೇಳಿದ್ನೇನೇ? ಹಳೇ ಸೀರೆ ಥರ ಪರ್ರಂತ ಹರೀತಿತ್ತು."