ಕಾರಿನ ಕೆಳಗಿನ ಕೆಂಪು

ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದ ರಜನಿಯ ಕೈ ಮೂರನೇ ಎಳೆಗೇ ನಿಂತಿತು. ನಿನ್ನೆ ಸಂಜೆಯಷ್ಟೇ ಮನೆಗೆ ಬಂದ ಹಳೇ ಕಾರಿನ ಮೂತಿಯ ಕೆಳಗೆ ಕೆಂಪಗೆ ಏನೋ ಹರಡಿತ್ತು.

“ರೀ, ಬೇಗ ಬನ್ನಿ! ಕಾರು ಸೋರ್ತಿದೆ.”

ಕದಿರೇಶ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದ. ಬಗ್ಗಿ ನೋಡಿದ. ನೊರೆ ಉಗಿದ.

“ಗೇರ್ ಬಾಕ್ಸ್ ಎಣ್ಣೆ. ಆಟೋಮ್ಯಾಟಿಕ್ ಗಾಡಿಗೆ ಮಾತ್ರ ಕೆಂಪೆಣ್ಣೆ ಹಾಕ್ತಾರೆ. ಮೂರು ವಿಡಿಯೋ ನೋಡಿದೀನಿ ನಾನು.”

ರಜನಿ ರಂಗೋಲಿ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟಳು. ಮಧ್ಯಾಹ್ನ ಎರಡಕ್ಕೆ ನರಸಾಪುರದ ಕಾರ್ಖಾನೆಯಲ್ಲಿ ಅವಳ ಮೊದಲ ಶಿಫ್ಟ್. ಮೊದಲ ದಿನವೇ ತಡವಾದರೆ ಪಟ್ಟಿಯಲ್ಲಿರುವ ಮುಂದಿನವರನ್ನು ಕರೆಯುತ್ತೇವೆ ಎಂದು ಫೋನಿನಲ್ಲೇ ಹೇಳಿದ್ದರು. ಕಂಪನಿ ಬಸ್ಸು ಯಲ್ದೂರಿಗೆ ಬರುವುದಿಲ್ಲ. ಮಂಡಿಯ ಆಪರೇಷನ್ ಆದ ಮೇಲೆ ಎಡಗಾಲಿಗೆ ಕ್ಲಚ್ ಒತ್ತುವ ಶಕ್ತಿಯಿಲ್ಲ. ಕ್ಲಚ್ಚೇ ಇಲ್ಲದ ಕಾರನ್ನು ಕದಿರೇಶ ಹುಡುಕಿ ತಂದದ್ದು ಅದಕ್ಕೇ.

“ನಮ್ಮಮ್ಮನ ಕಣ್ಣೇ ಬಿತ್ತು ಬಿಡು,” ಎಂದ ಅವನು.

ಅತ್ತೆ ವೆಂಕಟರತ್ನಮ್ಮ ನಿನ್ನೆ ಕಾರು ಬಂದಾಗ ಕೋಣೆಯಿಂದ ಆಚೆಗೇ ಬಂದಿರಲಿಲ್ಲ. “ಕಾಲು ನೋವಿರೋಳಿಗೆ ಕಾರು ಯಾಕೆ?” ಎಂದು ಒಳಗಿನಿಂದಲೇ ಕೇಳಿದ್ದರು. ಇವತ್ತು ಮಗ ಸೊಸೆಯನ್ನು ಎಬ್ಬಿಸದೆ ಮೊದಲ ಬಸ್ಸಿಗೆ ಗೌನಿಪಲ್ಲಿಯ ತಮ್ಮನ ಮನೆಗೆ ಹೊರಟುಹೋಗಿದ್ದರು. ಹೊರಟ ಅವಸರದಲ್ಲಿ ಎಲೆಅಡಿಕೆಯ ಸುಣ್ಣದ ಡಬ್ಬಿಯನ್ನೂ ಜಗಲಿಯ ಮೇಲೆ ಮರೆತಿದ್ದರು. ಆಗ ಎದ್ದಿದ್ದವಳು ಆರು ವರ್ಷದ ಮಗಳು ಶಿವಾನಿ ಒಬ್ಬಳೇ. ಅವಳ ಕೆನ್ನೆಯೊಳಗೆ ಅಜ್ಜಿ ಕೊಟ್ಟ ಬೆಲ್ಲದಚ್ಚು ಇನ್ನೂ ಕರಗಿರಲಿಲ್ಲ.

“ಅಮ್ಮಾ…” ಎಂದಳು ಶಿವಾನಿ.

“ಇರು ಕಂದ, ಅಪ್ಪ ಟೆನ್ಷನ್‌ನಲ್ಲಿದ್ದಾರೆ.”

ಶಿವಾನಿ ಬೆಲ್ಲವನ್ನು ಇನ್ನೊಂದು ಕೆನ್ನೆಗೆ ದೂಡಿದಳು.

ಪಕ್ಕದ ಮನೆಯ ಆಂಜಿನಪ್ಪ ಬಂದ. ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವನು, ಕಾರಿನ ವಿಷಯದಲ್ಲಿ ಯಾರ ಮಾತನ್ನೂ ಕೇಳುವವನಲ್ಲ. ಕೆಂಪನ್ನು ಬೆರಳಿಗೆ ಹಚ್ಚಿ ಉಜ್ಜಿದ.

“ಜಿಡ್ಡೇ ಇಲ್ವಲ್ಲೋ ಕದಿರೇಶ?”

“ಈಗಿನ ಎಣ್ಣೆ ತೆಳ್ಳಗಿರುತ್ತಣ್ಣ.”

“ಅದೂ ನಿಜಾನೇ ಅನ್ನು.”

ಅಷ್ಟರಲ್ಲಿ ನಾಟಿ ಕೋಳಿಯೊಂದು ಬಂದು ಆ ಕೆಂಪನ್ನು ನಾಲ್ಕು ಗುಟುಕು ಕುಡಿದು, ಕೊಕ್ಕು ಒರೆಸಿಕೊಂಡು ಹೋಯಿತು.

“ದೇವುಡಾ! ಎಣ್ಣೆ ಕುಡಿಯೋ ಕೋಳೀನ ಈಗಲೇ ನೋಡಿದ್ದು,” ಎಂದ ಆಂಜಿನಪ್ಪ.

ಕದಿರೇಶ ಬೈಕಿನಲ್ಲಿ ಶ್ರೀನಿವಾಸಪುರಕ್ಕೆ ಹೋಗಿ ಕೆಂಪೆಣ್ಣೆಯ ನಾಲ್ಕು ಡಬ್ಬ ತಂದ. ಅಷ್ಟರೊಳಗೆ ರಜನಿ ಊಟದ ಡಬ್ಬಿಗೆ ಚಿತ್ರಾನ್ನ ಕಲೆಸಲು ಹೋದಳು. ಅರಿಶಿನದ ಡಬ್ಬಿಯ ಮುಚ್ಚಳ ತೆರೆದಿತ್ತು, ಒಳಗೆ ತಳ ಕಾಣುತ್ತಿತ್ತು. ಮೊನ್ನೆಯಷ್ಟೇ ತುಂಬಿಸಿದ್ದೆನಲ್ಲ ಎಂದುಕೊಂಡಳು. ಇದ್ದಷ್ಟನ್ನೇ ಉದುರಿಸಿದಳು. ಚಿತ್ರಾನ್ನ ಬಿಳಿಚಿಕೊಂಡಿತು.

ಕಾರನ್ನು ಜಾಕಿಯಿಂದ ಎತ್ತಿ, ಮರದ ದಿಮ್ಮಿಗಳ ಮೇಲೆ ಭದ್ರವಾಗಿ ಕೂರಿಸಿ, ಕದಿರೇಶ ಕೆಳಗೆ ತೂರಿದ.

“ಅಣ್ಣಾ, ಇಲ್ಲೆಲ್ಲಾ ಒಣಗಿದೆ. ಒಂದು ತೊಟ್ಟೂ ಇಲ್ಲ.”

“ಒಳಗೊಳಗೇ ಸೋರ್ತಿರುತ್ತೆ ಕಣೋ. ಅದೇ ಡೇಂಜರ್ರು.”

ಬೋಲ್ಟು ಬಿಚ್ಚಿದ. ರಾಗಿ ತೊಳೆಯುವ ಬೇಸಿನ್ನಿಗೆ ಎಣ್ಣೆ ಸುರಿಯಿತು. ದಾಳಿಂಬೆ ರಸದಂತೆ ತಿಳಿಯಾಗಿ, ಫಳಫಳ ಹೊಳೆಯುತ್ತಿತ್ತು.

“ಹಳೇ ಎಣ್ಣೆ ಕಪ್ಪಗಿರುತ್ತೆ ಅಂದಿದ್ರು ವಿಡಿಯೋದಲ್ಲಿ,” ಎಂದಳು ರಜನಿ.

“ಕಪ್ಪಾಗೋಕೆ ಮುಂಚೇನೇ ಸೋರೋಕೆ ಶುರುವಾಗಿದೆ ತಾಯಿ. ನಿನ್ನ ಅದೃಷ್ಟ,” ಎಂದ ಆಂಜಿನಪ್ಪ.

ತೆಗೆದಷ್ಟನ್ನೇ ತುಂಬಬೇಕಾದ್ದರಿಂದ ಆಂಜಿನಪ್ಪ ಮನೆಯಿಂದ ರಾಗಿ ಅಳೆಯುವ, ಒಂದು ಲೀಟರು ಹಿಡಿಯುವ ಸೇರು ತಂದ. ಬೇಸಿನ್ನಿನಿಂದ ಒಂದೊಂದೇ ಸೇರು ಎತ್ತಿ ಖಾಲಿ ಡಬ್ಬಕ್ಕೆ ಸುರಿದ. ಸರಿಯಾಗಿ ನಾಲ್ಕು ಬಂತು. ಕಾರಿನ ಪುಸ್ತಕದಲ್ಲಿ ಬರೆದಿದ್ದಕ್ಕಿಂತ ಒಂದು ಹನಿಯೂ ಕಡಿಮೆಯಿರಲಿಲ್ಲ.

“ಹಂಗಾದ್ರೆ ಸೋರಿದ್ದು ಯಾವುದ್ರೀ?” ಎಂದಳು ರಜನಿ.

ಗಂಡಸರಿಬ್ಬರೂ ಅವಳನ್ನು ಕನಿಕರದಿಂದ ನೋಡಿದರು.

“ಅಮ್ಮಾ…” ಎಂದಳು ಶಿವಾನಿ. ಮತ್ತೆ ತಾನೇ ಬಾಯಿ ಮುಚ್ಚಿಕೊಂಡಳು.

ಬೋಲ್ಟು ಬಿಗಿಯಾಯಿತು. ಸೀಮೆಎಣ್ಣೆಯ ಹಳೇ ಆಲಿಕೆಯನ್ನು ಮೂರು ಸಲ ತೊಳೆದು, ಹೊಸ ಎಣ್ಣೆ ಹೊಯ್ದು, ಕಾರನ್ನು ಇಳಿಸಿದರು. ರಜನಿ ಬ್ರೇಕ್ ಒತ್ತಿ ಹಿಡಿದು, ಇಂಜಿನ್ ಹಾಕಿ, ಗೇರನ್ನು ಒಂದೊಂದೇ ಜಾಗಕ್ಕೆ ಸರಿಸಿದಳು. ಕದಿರೇಶ ಅಳತೆಕಡ್ಡಿ ಎಳೆದು ನೋಡಿದ. ಎಣ್ಣೆ ಗೆರೆಗೆ ಸರಿಯಾಗಿತ್ತು. ನೆಲ ಒರೆಸಿ ಕಾರಿನ ಕೆಳಗೆ ಅರ್ಧ ಗಂಟೆ ಹಾಸಿಟ್ಟ ಬಿಳಿ ಪಂಚೆಯ ಮೇಲೆ ಒಂದು ಚುಕ್ಕೆಯೂ ಬೀಳಲಿಲ್ಲ.

“ನೋಡಿದ್ಯಾ? ನಿಂತೇಹೋಯ್ತು!” ಕದಿರೇಶನ ಮುಖ ಅರಳಿತು. “ನಮ್ಮಮ್ಮ ಕಣ್ಣು ಹಾಕಿದ್ರೂ ನನ್ನ ಕೈಗುಣ ಕಾಪಾಡ್ತು.”

ಹನ್ನೆರಡಕ್ಕೆ ಐದು ನಿಮಿಷವಿತ್ತು. ಯೂನಿಫಾರ್ಮ್ ತೊಟ್ಟು, ಬಿಳಿಚಿದ ಚಿತ್ರಾನ್ನವನ್ನು ಪಕ್ಕದ ಸೀಟಿನಲ್ಲಿಟ್ಟು ರಜನಿ ಕಿಟಕಿಯ ಗಾಜು ಇಳಿಸಿದಳು. ಶಿವಾನಿ ಬಾಗಿಲಿಗೆ ಅಂಟಿಕೊಂಡೇ ನಿಂತಿದ್ದಳು.

“ಬೆಳಿಗ್ಗೆಯಿಂದ ಏನೋ ಹೇಳಬೇಕು ಅಂತಿದ್ದೀಯಲ್ಲೇ ಚಿನ್ನಾ?”

“ಹೇಳಲ್ಲ. ಅಜ್ಜಿಗೆ ಪ್ರಾಮಿಸ್ ಮಾಡಿದೀನಿ.” ಬೆಲ್ಲದ ಕೊನೆಯ ಚೂರು ನುಂಗಿದಳು. “ಕೇಳಬಹುದಾ?”

“ಕೇಳು ಕಂದ.”

“ನೀನು ಹುಷಾರಾಗಿ ಹೋಗಿಬರಲಿ ಅಂತ ಅಜ್ಜಿ ಕಾರಿಗೆ ಆರತಿ ಎತ್ತಿ ಚೆಲ್ಲಿದ್ದು ಒಂದೇ ಒಂದು ತಟ್ಟೆ ಕೆಂಪುನೀರು, ಅಪ್ಪ ಅದನ್ನ ನಾಲ್ಕು ಸೇರು ಹೆಂಗಮ್ಮಾ ತೆಗೆದ್ರು?”