ಐವತ್ತರ ಗೆರೆ

"ರಾಂಗೆಲ್ ಮಾಮ, ನಿಮ್ಮೂರಿನ ಹಿಮಕ್ಕೆ ಎಣಿಸೋಕೆ ಬರುತ್ತಾ?"

ಫೋನಿನಲ್ಲಿದ್ದವಳು ರುಮ್ಯಾನಾ. ಕೆಳಗಿನ ಪಟ್ಟಣದ ಹವಾಮಾನ ಕಚೇರಿಯ ಹುಡುಗಿ. ದಿನಾ ಬೆಳಿಗ್ಗೆ ಏಳಕ್ಕೆ ರಾಂಗೆಲ್ ತನ್ನ ಹಿತ್ತಲಿನ ಅಳತೆಕೋಲು ನೋಡಿ ಹಿಮ ಎಷ್ಟು ಸೆಂಟಿಮೀಟರ್ ಅಂತ ಹೇಳುತ್ತಿದ್ದ, ಅವಳು ಬರೆದುಕೊಳ್ಳುತ್ತಿದ್ದಳು. ಆದರೆ ಈಗ ಗುರುವಾರ ಮಧ್ಯಾಹ್ನ. ಈ ಹೊತ್ತಿಗೆ ಅವಳು ಯಾವತ್ತೂ ಫೋನ್ ಮಾಡಿದವಳಲ್ಲ.

"ಏನಮ್ಮ ಹಾಗಂದ್ರೆ?"

"ರಸ್ತೆ ಮುಚ್ಚಿದ ದಿನಗಳಲ್ಲಿ ನೀವು ಹೇಳಿದ್ದು ಐವತ್ತೊಂದು, ಐವತ್ತೆರಡು, ಐವತ್ತೆರಡು. ಮೂರು ಸಲಾನೂ ಗೆರೆ ದಾಟಿ ಅಲ್ಲೇ ನಿಂತಿದೆ. ಕಣಿವೆ ಆಚೆಯವರು ಅದೇ ದಿನಗಳಲ್ಲಿ ನಲವತ್ತೇಳು, ನಲವತ್ತೆಂಟು ಅಂದಿದ್ದಾರೆ. ನಿಮ್ಮ ಕೋಲಿನ ಪಕ್ಕದಲ್ಲೇ ಹೋಟೆಲ್ ಇದೆಯಂತಲ್ಲ ಮಾಮ?"

ಐವತ್ತು ದಾಟಿದರೆ ಘಟ್ಟದ ರಸ್ತೆ ಬಂದ್. ರಸ್ತೆ ಬಂದ್ ಆದರೆ ಬಸ್ಸಿನವರು, ಲಾರಿಯವರು ಎಲ್ಲರೂ ಪಕ್ಕದ ಕಿರ್ಯಾಕನ ಹೋಟೆಲಿನಲ್ಲಿ ಮಲಗಬೇಕು. ಈ ತಿಂಗಳು ಮೂರು ಸಲ ಮಲಗಿದ್ದರು.

"ಶನಿವಾರದಿಂದ ದೊಡ್ಡ ಹಿಮಗಾಳಿ ಬರ್ತಿದೆ. ಇಡೀ ಸೀಮೆಯ ಮುನ್ಸೂಚನೆಗೆ ನಾಳೆ ಬೆಳಿಗ್ಗೆ ನೀವು ಕೊಡೋ ಅಂಕಿ ಸೇರುತ್ತೆ. ಮಧ್ಯಾಹ್ನ ಸಾಹೇಬ್ರೇ ಬಂದು ಅಳೀತಾರೆ. ತಪ್ಪಿದ್ರೆ..." ಹುಡುಗಿಯ ದನಿ ತಗ್ಗಿತು. "ಸೋಮವಾರದಿಂದ ನಿಮ್ಮ ಬದಲು ಮೆಷೀನು. ನಾನು ಹೇಳಿದೆ ಅನ್ನಬೇಡಿ."

ಇಪ್ಪತ್ತಾರು ವರ್ಷ. ಜ್ವರ ಬಂದಾಗಲೂ ಕಂಬಳಿ ಹೊದ್ದು ಹೋಗಿ ಓದಿದ ಅಂಕಿಗಳು. ಈಗ ಅವನು ಕಳ್ಳ.

ಅವನು ಹಿತ್ತಲಿಗೆ ಹೋಗಿ ಕೋಲನ್ನು ಅಲುಗಾಡಿಸಿ ನೋಡಿದ. ಕಲ್ಲಿನ ಹಾಗೆ ನಿಂತಿತ್ತು. ಹಳೆಯದು ಕೊಳೆತಿದ್ದರಿಂದ ಸೆಪ್ಟೆಂಬರಿನಲ್ಲಿ ಹೊಸದು ನೆಟ್ಟಿದ್ದ. ಅವನ ಕೈ ನಡುಗುತ್ತದೆಂದು ಹೆಂಡತಿ ಯೋನ್ಕಾಳೇ ಅಳೆದು ಅಳೆದು ಕೆಂಪು ಗೆರೆ ಎಳೆದಿದ್ದಳು. ಒಂದೊಂದು ಗೆರೆಯೂ ಕಸೂತಿಯಂತೆ ನೀಟು. ಕೋಲಿನಲ್ಲಿ ಐಬಿಲ್ಲ. ಹಾಗಾದರೆ ಐಬು ಹಿಮದಲ್ಲಿ. ಯಾರೋ ತಂದು ಸುರಿಯುತ್ತಿದ್ದಾರೆ.

ಬೇಲಿಯಾಚೆ ಕಿರ್ಯಾಕ್ ಸಲಿಕೆ ಹಿಡಿದು ಹೋಟೆಲಿನ ಬಾಗಿಲಿನ ಹಿಮ ಎತ್ತುತ್ತಿದ್ದ.

"ಏನೋ, ನಾಳೆ ಎಷ್ಟಂತೆ?" ಎಂದು ಕೂಗಿದ.

"ನಿನಗೇ ಮೊದಲು ಗೊತ್ತಿರುತ್ತಲ್ಲ. ನೀನೇ ಹೇಳು."

"ಐವತ್ತು ದಾಟಿಸಪ್ಪ, ಪುಣ್ಯ ಬರುತ್ತೆ. ಬೀನ್ಸ್ ನೆನೆಹಾಕ್ತೀನಿ." ಕಿರ್ಯಾಕ್ ನಕ್ಕು ಒಳಗೆ ಹೋದ. ಹೋಗುವಾಗ ತುದಿಗಾಲಿನಲ್ಲಿ, ಹಾಲು ಕದ್ದ ಬೆಕ್ಕಿನಂತೆ ನಡೆಯುತ್ತಿದ್ದ. ಮೊದಲು ಹೀಗೆ ನಡೆಯುತ್ತಿರಲಿಲ್ಲ. ರಾಂಗೆಲ್ ಅದನ್ನೂ ಗಮನಿಸಿದ.

ರಾತ್ರಿ ಸಣ್ಣಗೆ ಹಿಮ ಬಿತ್ತು. ಬೆಳಿಗ್ಗೆ ಆರೂವರೆಗೇ ಅವನು ಅಡುಗೆಮನೆಯ ಕಿಟಕಿಯ ಹಿಂದೆ ಕೂತ. ಹೊಸ ಕಾಲುಚೀಲದಲ್ಲಿ ಕಾಲ್ಬೆರಳು ಜುಮುಗುಡುತ್ತಿದ್ದವು.

"ಈ ವರ್ಷ ಕಾಲು ಊದಿದೆ ಕಣೇ," ಎಂದ.

"ಉಪ್ಪಿನಕಾಯಿ ಕಮ್ಮಿ ಮಾಡು ಅಂದ್ರೆ ಕೇಳ್ತೀಯಾ?" ಯೋನ್ಕಾ ಒಲೆಗೆ ಸೌದೆ ತುರುಕಿದಳು. "ಅದಿರಲಿ, ಕಿಟಕೀಲಿ ಏನು ಬೇಟೆ?"

"ಕಳ್ಳನ ಬೇಟೆ."

ಅಷ್ಟರಲ್ಲೇ ಕಳ್ಳ ಬಂದ. ಬೆಳಕು ಹರಿಯುತ್ತಿದ್ದಂತೆ ಕಿರ್ಯಾಕ್, ಅದೇ ತುದಿಗಾಲು, ಕಂಕುಳಲ್ಲಿ ಏನನ್ನೋ ಅಡಗಿಸಿಕೊಂಡು ಅತ್ತ ಇತ್ತ ನೋಡುತ್ತಾ ಬೇಲಿಯ ಹತ್ತಿರ ಬಂದ. ಅಳತೆಕೋಲಿಗೆ ಒಂದು ಮಾರು ದೂರ. ಬೇಲಿಯ ಮೇಲೆ ಬಾಗಿದ.

ರಾಂಗೆಲ್ ಬೂಟಿಗೆ ಕಾಲು ತುರುಕಿದ. ಬೂಟಿನ ನಾಲಿಗೆ ಅರ್ಧಕ್ಕೆ ಮಾಯ. ಮುರ್ಜೋ! ಆಗಸ್ಟಿನಲ್ಲಿ ಮನೆಗೆ ಬಂದ ಆ ನಾಯಿಮರಿ ಪೊರಕೆ, ಚಪ್ಪಲಿ, ಯೋನ್ಕಾಳ ಉಣ್ಣೆ ಬುಟ್ಟಿ, ಯಾವುದನ್ನೂ ಬಿಟ್ಟಿರಲಿಲ್ಲ. ಶಪಿಸುತ್ತಲೇ ಅವನು ಹೊರಗೆ ಓಡಿದ.

"ಸಿಕ್ಕಿಬಿದ್ದೆಯಲ್ಲೋ! ನಲವತ್ತು ವರ್ಷದ ಸ್ನೇಹ, ನಾಲ್ಕು ಮಂಚ ತುಂಬಲಿ ಅಂತ ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯಾ?"

ಕಿರ್ಯಾಕನ ಮುಖ ಬಿಳಿಚಿತು. "ಮೆಲ್ಲಗೆ ಕಣೋ! ಅತ್ತಿಗೆ ಕೇಳಿಸ್ಕೊಂಡಾರು."

"ಕೇಳಿಸ್ಕೊಳ್ಳಲಿ! ಕೋಲಿನ ಬುಡಕ್ಕೆ ಹಿಮ ಸುರಿಯೋಕೆ ಬಂದಿದ್ದೀಯ ಅಂತ ಊರೇ ಕೇಳಿಸ್ಕೊಳ್ಳಲಿ!"

"ಹಿಮಾನಾ? ಯಾವ ಹಿಮ ಮಾರಾಯಾ?" ಕಿರ್ಯಾಕ್ ಬೇಲಿಗೂಟದತ್ತ ಕೈ ತೋರಿಸಿದ. ಅಲ್ಲಿ ಒಂದು ಸಣ್ಣ ಗಂಟು ನೇತಾಡುತ್ತಿತ್ತು. "ಅತ್ತಿಗೆ ಸಂತ ನಿಕೋಲನ ಹಬ್ಬಕ್ಕೆ ಕೊಟ್ಟ ಕಾಲುಚೀಲ ಕಣೋ. ಚಿಕ್ಕದಾದ್ರೂ ಹತ್ತು ದಿನ ಹಾಕ್ಕೊಂಡೆ, ಅವರಿಗೆ ಬೇಜಾರಾಗಬಾರದು ಅಂತ. ಬೆರಳು ಮಡಚ್ಕೊಂಡು ತುದಿಗಾಲಲ್ಲಿ ಎಷ್ಟು ದಿನ ಓಡಾಡ್ಲಿ? ಮುಖ ನೋಡಿ ವಾಪಸ್ ಕೊಡೋಕೆ ಬಾಯಿ ಬರಲಿಲ್ಲ."

ರಾಂಗೆಲ್ ಕೋಲಿನ ಸುತ್ತ ನೋಡಿದ. ಹೊಸ ಹಿಮ ಹಾಸಿದ ಬಟ್ಟೆಯಂತೆ ನುಣ್ಣಗಿತ್ತು. ಒಂದು ಗೀರೂ ಇಲ್ಲ. ಕೋಲು ಮಾತ್ರ ಐವತ್ತೊಂದು ತೋರಿಸುತ್ತಿತ್ತು.

"ಯಾರ ಕಾಲುಚೀಲ ಚಿಕ್ಕದು?" ಯೋನ್ಕಾ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಚಿಕ್ಕದು ಅಂತಲ್ಲ ಅತ್ತಿಗೆ... ನನ್ನ ಕಾಲೇ ಸ್ವಲ್ಪ ಉದಾರ."

"ಮೂವತ್ತು ವರ್ಷದಿಂದ ನಿನ್ನ ಕಾಲಿಗೆ ಹೆಣೀತಿದ್ದೀನಿ ಕಿರ್ಯಾಕ್. ಇಪ್ಪತ್ತೆಂಟು ಸೆಂಟಿಮೀಟರ್. ಅಳೆದೇ ಹೆಣೆದಿದ್ದು. ಬಾ ಒಳಗೆ, ಬಿಚ್ಚು ಬೂಟು. ನನ್ನ ಅಳತೆ ತಪ್ಪಂತೆ! ಕೋಲಿಗೂ ಅದೇ ಟೇಪು, ಕಾಲಿಗೂ ಅದೇ ಟೇಪು!"

ಒಳಗೆ ಫೋನು ಹೊಡೆದುಕೊಳ್ಳತೊಡಗಿತು. ಏಳು ಗಂಟೆ. ಯಾರೂ ಎತ್ತಲಿಲ್ಲ. ಯೋನ್ಕಾ ಉಣ್ಣೆ ಬುಟ್ಟಿಯಿಂದ ಟೇಪು ಎಳೆದು ಕಿರ್ಯಾಕನ ಹಿಮ್ಮಡಿಗೆ ಹಿಡಿದಳು. ಬಾಗಿ ನೋಡಿದಳು. ಮತ್ತೆ ನೋಡಿದಳು. ಆಮೇಲೆ ಟೇಪಿನ ಆ ತುದಿಯನ್ನು ಮೆಲ್ಲಗೆ ರಾಂಗೆಲನ ಅಂಗೈ ಮೇಲಿಟ್ಟಳು.

ತುದಿಯಲ್ಲಿ ಪುಟ್ಟ ಪುಟ್ಟ ಹಲ್ಲಿನ ಗುರುತು. ಟೇಪು ಐದರಿಂದ ಶುರುವಾಗುತ್ತಿತ್ತು.