ಗುಂಪಿಗೆ ಸೇರದ್ದು

"ಹುಳ ಬಿಟ್ಟಾಯ್ತು!" ಎಂದು ಗಟ್ಟಿಯಾಗಿ ಹೇಳಿ ಅವನು ಫೋನನ್ನು ಟೇಬಲ್ಲಿನ ಮೇಲಿಟ್ಟು ಕೈ ಉಜ್ಜಿಕೊಂಡ. ಶಾಲೆಯ ಗೆಳೆಯರ ಗ್ರೂಪಿಗೆ ದಿನಕ್ಕೊಂದು ಒಗಟು ಹಾಕಿ ಎಲ್ಲರ ತಲೆಗೆ ಹುಳ ಬಿಡುವುದು ಅವನ ಕೆಲಸ. ಅದಕ್ಕೇ ಅಲ್ಲಿ ಅವನ ಹೆಸರು ಹುಳ. ಹೊರಗೆ, ಕಟ್ಟಡದಿಂದ ಕಟ್ಟಡಕ್ಕೆ ಅಲೆದು ಲಿಫ್ಟ್ ರಿಪೇರಿ ಮಾಡುವಾಗ, ಅಷ್ಟು ಹೆಸರೂ ಇಲ್ಲ. "ಲಿಫ್ಟ್‌ನೋನು ಬಂದ" ಎನ್ನುತ್ತಾರೆ, ಮುಗಿಯಿತು.

ಇವತ್ತಿನ ಒಗಟು ಒಂದು ಫೋಟೋ. ಹೋದ ಭಾನುವಾರ ಗ್ರೂಪಿನ ಡಾಕ್ಟರ್ ಮನೆಯಲ್ಲಿ ಗೆಳೆಯರು ಊಟಕ್ಕೆ ಸೇರಿದ್ದಾಗ ತೆಗೆದದ್ದು. ಕೆಳಗೆ ಬರೆದಿದ್ದ: "ಇದರಲ್ಲಿ ಗುಂಪಿಗೆ ಸೇರದ್ದು ಒಂದಿದೆ. ಯಾವುದು ಹೇಳಿ?"

"ಊಟವಂತೆ ಊಟ," ಎಂದಳು ಹೆಂಡತಿ. ಅವತ್ತಿನ ಅಂಗಿಯ ಗ್ರೀಸ್ ಕಲೆಯನ್ನು ಅವಳು ಇನ್ನೂ ಉಜ್ಜುತ್ತಲೇ ಇದ್ದಳು. "ನಿಮ್ಮನ್ನ ಕರೆದದ್ದು ಊಟಕ್ಕೋ ಲಿಫ್ಟಿಗೋ, ನಂಗಂತೂ ಇನ್ನೂ ಗೊತ್ತಾಗಿಲ್ಲ."

ಭಾನುವಾರದಿಂದ ಇದೇ ಜಗಳ. ಅವತ್ತು ಅವಳು ಅಭ್ಯಾಸಬಲದಿಂದ ಊಟದ ಡಬ್ಬಿ ಕಟ್ಟಿ ಕೈಗೆ ಕೊಟ್ಟಾಗ, "ಸ್ನೇಹಿತರ ಮನೆಗೆ ಯಾರಾದ್ರೂ ಡಬ್ಬಿ ಹಿಡ್ಕೊಂಡು ಹೋಗ್ತಾರೇನೇ, ಹುಚ್ಚಿ!" ಎಂದು ನಕ್ಕು ಬರಿಗೈಯಲ್ಲಿ ಹೋಗಿದ್ದ. ಹೋದರೆ ಆ ಕಟ್ಟಡದ ಲಿಫ್ಟ್ ಕೆಟ್ಟು ನಿಂತಿತ್ತು. "ನೀನಿದ್ದೀಯಲ್ಲ, ಸ್ವಲ್ಪ ನೋಡಿಬಿಡೋ" ಎಂದು ಡಾಕ್ಟರ್ ಹೆಗಲ ಮೇಲೆ ಕೈ ಹಾಕಿದ. ಸರಿಮಾಡಿ ಮೇಲೆ ಬರುವಷ್ಟರಲ್ಲಿ ಎಲ್ಲರೂ ಉಂಡು ಕೈ ತೊಳೆದಿದ್ದರು. ಇವನು ಫೋಟೋಕ್ಕೆ ಮಾತ್ರ ಸಿಕ್ಕಿದ, ಸೋಫಾದ ಹಿಂದೆ, ಅಂಗಿಯ ತುಂಬ ಗ್ರೀಸ್.

"ಸ್ನೇಹದಲ್ಲಿ ಅದನ್ನೆಲ್ಲ ಹಿಡಿದು ಎಳೀತಾರೇನೇ? ಚಡ್ಡಿ ಹಾಕ್ಕೊಳ್ಳೋ ಕಾಲದಿಂದ ಒಂದೇ ಬೆಂಚು ನಾವು. ನನ್ನ ಒಗಟು ಬರದಿದ್ರೆ ಅವರಿಗೆ ಬೆಳಗೇ ಆಗಲ್ಲ. ನೋಡ್ತಿರು, ಈಗ ಹೇಗೆ ಮುಗಿಬೀಳ್ತಾರೆ!"

"ಆಯ್ತಪ್ಪ. ಉತ್ತರ ಏನು?"

ಅವನು ಫೋಟೋ ಹಿಗ್ಗಿಸಿ ತೋರಿಸಿದ. ಸೋಫಾದ ನಡುವೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಡಾಕ್ಟರ್. ಒಂದು ಕಾಲ್ಚೀಲ ಕಪ್ಪು, ಇನ್ನೊಂದು ನೀಲಿ. "ಇಷ್ಟು ದೊಡ್ಡ ಡಾಕ್ಟರ್ ಕಣೇ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೂ ನಗು ತಡೆಯಲಾಗಲಿಲ್ಲ. ಪಾಪ, ಎಷ್ಟು ಅಕ್ಕರೆಯಿಂದ ನೋಡಿದ್ದನೋ ಆ ಫೋಟೋವನ್ನು.

"ಹಾಗಾದ್ರೆ ಜೋಡಿಗೆ ಸೇರದ್ದು ಅಂತ ಬರೀಬೇಕಿತ್ತಲ್ವಾ?"

"ಮೊದಲು ಹಾಗೇ ಬರೆದಿದ್ದೆ. ಜೋಡಿ ಅಂದ್ರೆ ಎಲ್ಲರೂ ಕಾಲೇ ನೋಡ್ತಾರೆ. ಅದಕ್ಕೇ ಗುಂಪು ಅಂತ ತಿದ್ದಿದೆ. ಒದ್ದಾಡಲಿ ಬಿಡು!"

ಫೋನು ಟಿಂಗ್ ಎಂದಿತು. ಮೊದಲ ಉತ್ತರ ಡಾಕ್ಟರದ್ದೇ. "ತುಂಬಾ ಸುಲಭ. ಹುಳ!" ಜೊತೆಗೆ ಕಣ್ಣೀರು ಬರುವಂತೆ ನಗುವ ಹಳದಿ ಮುಖಗಳು.

ಅವನೂ ನಕ್ಕ. ತಮಾಷೆ ತಾನೆ? ಅಷ್ಟರಲ್ಲಿ ವಕೀಲ ಬಂದ: "ನನ್ನದೇನೂ ಆಕ್ಷೇಪಣೆ ಇಲ್ಲ. ಹುಳ." ಅವನ ಹಿಂದೆಯೇ ಬ್ಯಾಂಕ್ ಮ್ಯಾನೇಜರ್: "ಹೂಕೋಸಿನಲ್ಲಿ ಹುಳ ಕೂತ್ರೆ ಕಾಣದೆ ಇರುತ್ತೇನ್ರೋ!" ಮತ್ತೆ ಹಳದಿ ಮುಖಗಳು, ಸಾಲು ಸಾಲು. ಇಷ್ಟಕ್ಕೇ ನಿಂತಿದ್ದರೂ ಅವನು ನುಂಗಿಕೊಳ್ಳುತ್ತಿದ್ದನೇನೋ. ಆದರೆ ಆ ಭಾನುವಾರ ಊಟಕ್ಕೆ ಬಾರದಿದ್ದ, ಶಾಲೆ ಬಿಟ್ಟ ಮೇಲೆ ಇವನ ಮುಖವನ್ನೇ ಕಂಡಿರದ ಇಂಜಿನಿಯರ್ ಕೇಳಿದ: "ಹುಳ ಎಲ್ಲಿದ್ದಾನ್ರೋ, ಕಾಣ್ತಾನೇ ಇಲ್ಲ! ಹಿಂದೆ ಯಾರೋ ರಿಪೇರಿಯವನು ಫೋಟೋಕ್ಕೆ ನುಗ್ಗಿಬಿಟ್ಟಿದ್ದಾನಲ್ಲ, ಅವನೇ ತಾನೆ ಉತ್ತರ?"

ಅದು ತಮಾಷೆಯಲ್ಲ. ಆ ಪುಣ್ಯಾತ್ಮ ನಿಜವಾಗಿಯೇ ಕೇಳಿದ್ದ. ಹೇಳಬಹುದಿತ್ತಲ್ಲ ಒಬ್ಬನಾದರೂ, ಅವನೇ ನಮ್ಮ ಹುಳ ಕಣೋ ಎಂದು! ಅಷ್ಟು ಬರೆಯಲು ಒಬ್ಬನ ಬೆರಳೂ ಅಲ್ಲಾಡಲಿಲ್ಲ. ಬಂದದ್ದು ಮತ್ತಷ್ಟು ನಗುವ ಮುಖಗಳು. ಅವನಿಗೆ ಕಪಾಳಕ್ಕೆ ಬಿಗಿದಂತಾಯಿತು.

ಕೊನೆಗೆ ಡಾಕ್ಟರ್ ಬರೆದ: "ಬೇಜಾರು ಮಾಡ್ಕೋಬೇಡ್ವೋ ಹುಳ, ಸುಮ್ನೆ ರೇಗಿಸಿದ್ವಿ. ಅಂದ ಹಾಗೆ ಲಿಫ್ಟ್ ಮತ್ತೆ ನಿಂತಿದೆ ಕಣೋ. ಈಗಲೇ ಬರ್ತೀಯಾ? ಊಟ ಇಲ್ಲೇ ಮಾಡುವೆಯಂತೆ."

"ಯಾರಿಗಾದ್ರೂ ಗೊತ್ತಾಯ್ತಾ?" ಎಂದಳು ಹೆಂಡತಿ, ಅಂಗಿ ಹಿಂಡುತ್ತಾ.

"ಎಲ್ಲರಿಗೂ ಗೊತ್ತಾಯ್ತು."

"ಅಯ್ಯೋ, ಇಷ್ಟು ಬೇಗ? ಕಾಲ್ಚೀಲ ಅಂತಾನಾ?"

ಅವನು "ಎಲ್ಲರ ಉತ್ತರವೂ ಸರಿ" ಎಂದು ಗ್ರೂಪಿಗೆ ಬರೆದು, ಮೂಲೆಯಲ್ಲಿದ್ದ ಸ್ಪ್ಯಾನರುಗಳ ಚೀಲ ಎತ್ತಿಕೊಂಡ.

"ಡಾಕ್ಟರ್ ಮನೆಗೆ ಹೋಗ್ತಿದ್ದೀನಿ," ಎಂದ. "ಡಬ್ಬಿ ಕಟ್ಟು."